ತಣ್ಣಗಿರುವಾಗ ಕರೆಯಿರಿ

ಕೂಳೂರು ಸೇತುವೆಯಾಚೆ, ಹೊಳೆಯ ಬದಿಯ ಆ ಮನೆಯಂಗಳದಲ್ಲಿ ಅಂದು ಬೆಳಿಗ್ಗೆ ನಾವು ಐದು ಮಂದಿ ಇದ್ದೆವು. ಮನೆಯ ಯಜಮಾನರಾದ ಹಾಜಿಗಳು ಬಿಳಿ ಟೊಪ್ಪಿ ಸರಿಪಡಿಸಿಕೊಳ್ಳುತ್ತ ಮೆಟ್ಟಿಲ ಮೇಲೆ ನಿಂತಿದ್ದರು. ಅವರದು ಬಂದರಿನಲ್ಲಿ ಕೊಬ್ಬರಿ ಮತ್ತು ತೆಂಗಿನೆಣ್ಣೆಯ ವ್ಯಾಪಾರ. ಎಣ್ಣೆಯನ್ನು ಒಮ್ಮೆ ಮೂಸಿದರೆ ಸಾಕು, ಯಾವ ಗಾಣದ್ದು, ಎಷ್ಟು ವಾರದ್ದು ಎಂದು ಹೇಳುವ ಮೂಗು. ಅವರ ವೃದ್ಧ ತಾಯಿ ಜಗಲಿಯ ಕಂಬಕ್ಕೊರಗಿ ಎಲೆಯಡಿಕೆ ಜಗಿಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಆ ಮನೆಯ ಕಾರು ಬಿಡುತ್ತಿದ್ದ ಮೋನಾಕ, ಕೈಯಲ್ಲೊಂದು ಒದ್ದೆ ಬಟ್ಟೆ ಹಿಡಿದುಕೊಂಡು, ಹೆಡ್ಮಾಸ್ತರರ ಕೋಣೆಯ ಹೊರಗೆ ನಿಂತವರ ಹಾಗೆ ನಿಂತಿದ್ದರು. ತೆಂಗಿನ ಬುಡಕ್ಕೆ ಸ್ಕೂಟರ್ ಒರಗಿಸಿ ನಾನು. ಐದನೆಯವರು ಕಾರು ನೋಡಲಿಕ್ಕೆ ಬಂದ ಮೆಕ್ಯಾನಿಕ್, ನಮ್ಮ ದಣಿಗಳು. ನಡುವೆ, ಹಾಜಿಗಳ ಮಗ ಗಲ್ಫಿನಿಂದ ಹಡಗಿನಲ್ಲಿ ಕಳಿಸಿದ್ದ ಹಳೆಯ ಜರ್ಮನಿ ಕಾರು, ಹಾಲಿನ ಬಣ್ಣದ್ದು.

ದಣಿಗಳು ಆಗಷ್ಟೇ ತೆಳು ಅಕ್ಕಿರೊಟ್ಟಿಯಂಥ ಪತ್ತಿರ್ ಮತ್ತು ಕೋಳಿ ಸಾರು ಮುಗಿಸಿ ಹೊರಗೆ ಬಂದಿದ್ದರು. ಕೈಯೊರೆಸಿಕೊಂಡು, ಅಂಗೈ ತಿರುಗಿಸಿ, ಮುಂಗೈಯ ಹಿಂಬದಿಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ತಾಯಿಯ ಹಾಗೆ.

"ಹಾಜಿಗಳೇ, ಕಾರು ಎಲ್ಲಿಗಾದ್ರೂ ಹೋಗಿ ಬಂತಾ?"

"ಎಲ್ಲಿಗೆ ಮಾರಾಯ್ರೆ? ನಿನ್ನೆ ಸಂಜೆಯಿಂದ ಇಲ್ಲೇ ಉಂಟು."

"ಹಾಗಾದ್ರೆ ಇದಕ್ಕೆ ಜ್ವರ ಉಂಟು. ಇವತ್ತು ನೋಡ್ಲಿಕ್ಕೆ ಆಗ್ಲಿಕ್ಕಿಲ್ಲ. ನಾಳೆ ಬರ್ತೇನೆ."

ಅಷ್ಟು ಹೇಳಿ ಸ್ಕೂಟರಿನ ಹಿಂದೆ ಕೂತೇ ಬಿಟ್ಟರು. ಸೇತುವೆ ದಾಟುವಾಗ ನಾನು, "ಎಂತ ದಣಿಗಳೇ, ಬಾನೆಟ್ ಕೂಡ ಎತ್ತಲಿಲ್ಲವಲ್ಲ, ಕೋಳಿ ಸಾರಿಗೆ ಅಂತ ಬಂದದ್ದಾ?" ಎಂದೆ. "ಸಾರು ಒಳ್ಳೆದಿತ್ತು ಮಾಸ್ಟ್ರೇ," ಎಂದರು, ಅಷ್ಟೇ ಗಂಭೀರವಾಗಿ.

ದಣಿಗಳನ್ನು ನಾನು ಹಾಗೆ ಕರೆದದ್ದಲ್ಲ, ಊರೇ ಹಾಗೆ ಕರೆಯುತ್ತಿತ್ತು. ಅವರ ತಂದೆಯ ಕಾಲಕ್ಕೆ ಹೊಳೆಯ ಎರಡೂ ದಡದಲ್ಲಿ ಗದ್ದೆ. ಭೂಮಿ ಉಳುವವನಿಗಾದ ಮೇಲೆ ಗದ್ದೆ ಹೋಯಿತು, ಹೆಸರು ಮಾತ್ರ ಉಳಿಯಿತು. ಗದ್ದೆಗೆ ನೀರು ಹಾಯಿಸುತ್ತಿದ್ದ ಸೀಮೆಎಣ್ಣೆಯ ಪಂಪಿನಲ್ಲಿ ಚಿಕ್ಕಂದಿನಿಂದ ಕೈಯಾಡಿಸಿದವರು ಅವರು. ಗದ್ದೆ ಹೋದ ವರ್ಷ ಕಂಕನಾಡಿಯಲ್ಲಿ ಹಂಚಿನ ಮಾಡು ಹಾಕಿ ಗ್ಯಾರೇಜು ಇಟ್ಟರು. "ದಣಿ ಮನೆಯವ ಗ್ರೀಸ್ ಮುಟ್ಟುವುದಾ?" ಎಂದು ಅವರ ಸೋದರಮಾವ ಮೂರು ವರ್ಷ ಮಾತು ಬಿಟ್ಟಿದ್ದರಂತೆ, ನಾಲ್ಕನೆಯ ವರ್ಷ ತಮ್ಮ ಜೀಪಿನ ಬ್ರೇಕು ಕೆಟ್ಟಾಗ ಮಾತಾಡಿದರಂತೆ. ಹಳೆಯ ಒಕ್ಕಲಿನವರು ಟೆಂಪೋ ಕೊಂಡು ಅಲ್ಲಿಗೇ ತರುತ್ತಿದ್ದರು. ದಣಿಗಳು ನೆಲದ ಮೇಲೆ ಅಂಗಾತ ಮಲಗಿ ಟೆಂಪೋದ ಹೊಟ್ಟೆ ನೋಡುತ್ತಿರುವುದು, ಒಕ್ಕಲಿನವರು ಎತ್ತಿಕಟ್ಟಿದ ಮುಂಡು ಮರ್ಯಾದೆಗೆ ಇಳಿಬಿಟ್ಟು ನಿಂತು "ಹೌದು ದಣಿಗಳೇ, ಆಯ್ತು ದಣಿಗಳೇ" ಎನ್ನುವುದು. ಮಲಗಿಕೊಂಡೇ ಅಷ್ಟು ಗೌರವ ಪಡೆದವರನ್ನು ನಾನು ಬೇರೆ ಕಂಡಿಲ್ಲ.

ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ, ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಪಾಠ. ಗ್ಯಾರೇಜಿನವರೆಲ್ಲ ತಮ್ಮೊಳಗೆ ತುಳುವಿನಲ್ಲಿ ಬೈದಾಡುತ್ತಿದ್ದವರು ನನ್ನನ್ನು ಕಂಡ ಕೂಡಲೇ ಕನ್ನಡಕ್ಕೆ ತಿರುಗುತ್ತಿದ್ದರು. ಮಾಸ್ಟ್ರ ಎದುರು ಮರ್ಯಾದೆ ಎಂದು. ನಾನೂ ಇದೇ ಊರಿನವ, ನನಗೂ ತುಳು ಬರುತ್ತದೆ ಎಂದರೆ ಕೇಳುವವರಿಲ್ಲ.

ದಣಿಗಳ ವೈದ್ಯಕ್ಕೆ ಎರಡು ನಿಯಮ. ಮೊದಲನೆಯದು, ರೋಗದ ಹೆಸರು ಹೇಳಬೇಡಿ. ಅತ್ತಾವರದ ಡಾಕ್ಟರೊಬ್ಬರು ಬಂದು "ಕಾರ್ಬುರೇಟರ್ ಕೆಟ್ಟಿದೆ" ಎಂದರು. ದಣಿಗಳು ಸ್ಪಾನರ್ ಕೆಳಗಿಟ್ಟು ಕೇಳಿದರು: "ಡಾಕ್ಟ್ರೇ, ನಾನು ನಿಮ್ಮಲ್ಲಿಗೆ ಬಂದು ನನಗೆ ಟೈಫಾಯಿಡ್ ಅಂತ ಹೇಳಿದ್ರೆ ನೀವು ಮದ್ದು ಕೊಡ್ತೀರಾ? ಎಂತ ಆಗ್ತದೆ ಅಂತ ಹೇಳಿ, ಎಂತ ಆಗಿದೆ ಅಂತ ನಾನು ಹೇಳ್ತೇನೆ." ಎರಡನೆಯದು, ರೋಗ ಇರುವಾಗಲೇ ರೋಗಿಯನ್ನು ತೋರಿಸಿ. ಬೆಳಿಗ್ಗೆ ಕೆಮ್ಮುವ ಕಾರನ್ನು ಮಧ್ಯಾಹ್ನ ತಂದವರಿಗೆ ಒಂದೇ ಮಾತು: "ತಣ್ಣಗಿರುವಾಗ ಕರೀರಿ, ನಾನೇ ಬರ್ತೇನೆ." ಹಾಗೆ ಹೋಗಲಿಕ್ಕೆ ಅವರಿಗೆ ವಾಹನವಿರಲಿಲ್ಲ. ಸ್ವಂತ ಕಾರು ಗ್ಯಾರೇಜಿನ ಮೂಲೆಯಲ್ಲಿ ನಾಲ್ಕು ಮುರಕಲ್ಲಿನ ಮೇಲೆ ಕೂತು ಏಳು ವರ್ಷವಾಗಿತ್ತು. ಹಾಗಾಗಿ ಸ್ಕೂಟರ್ ನನ್ನದು.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಕಾರಿನಿಂದ ಕಳಚಿ ತೆಗೆದ ಕೆಟ್ಟ ಭಾಗವನ್ನು ಪೇಪರಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಯಜಮಾನನಿಗೆ ಕೊಡುತ್ತಿದ್ದರು. "ತಕ್ಕೊಳ್ಳಿ, ನಿಮ್ಮ ಕಾರಿನ ಹಲ್ಲು." ಬೇಡ ಎಂದರೂ ಬಿಡುತ್ತಿರಲಿಲ್ಲ. ಕಿತ್ತದ್ದನ್ನು ಕಣ್ಣಿಗೆ ತೋರಿಸದ ಮೆಕ್ಯಾನಿಕನನ್ನು ನಂಬಬಾರದು ಎಂಬುದು ಅವರ ವಾದ. ಕಂಕನಾಡಿಯ ಎಷ್ಟೋ ಮನೆಗಳ ಅಟ್ಟದಲ್ಲಿ ಇಂದಿಗೂ ಅಂಥ ಪೊಟ್ಟಣಗಳು ಇರಬೇಕು.

ಈಗ ಜರ್ಮನಿ ಕಾರಿಗೆ ಬರುತ್ತೇನೆ. ಅದನ್ನು ಮೊದಲ ಸಲ ಗ್ಯಾರೇಜಿಗೆ ತಂದ ದಿನ ದಣಿಗಳು ಬಾನೆಟ್ ಎತ್ತಿ ಕಾರ್ಬುರೇಟರ್ ಹುಡುಕಿದರು. ಎಡದಿಂದ ನೋಡಿದರು, ಬಲದಿಂದ ನೋಡಿದರು, ಕೆಳಗೆ ಮಲಗಿ ನೋಡಿದರು. ನೆಂಟರ ಮನೆಗೆ ಹೋದಾಗ ಯಜಮಾನನೇ ಕಾಣದಿದ್ದರೆ ಆಗುವ ಮುಖ. "ಇದಕ್ಕೆ ಗಂಟಲೇ ಇಲ್ಲವಲ್ಲ ಮಾಸ್ಟ್ರೇ!"

ಕಾರಿನ ಜೊತೆ ಒಂದು ದಪ್ಪ ಪುಸ್ತಕ ಬಂದಿತ್ತು. ಪೂರಾ ಜರ್ಮನ್. ಅದನ್ನು ನನ್ನ ಕೈಗಿತ್ತರು.

"ನನಗೆ ಜರ್ಮನ್ ಬರುವುದಿಲ್ಲ ದಣಿಗಳೇ."

"ಇಂಗ್ಲಿಷ್ ಬರ್ತದಲ್ಲ? ಅಕ್ಷರ ಅದೇ ಅಲ್ವಾ?"

"ಅಕ್ಷರ ಅದೇ, ಅರ್ಥ ಬೇರೆ."

"ಎಂತ ಮಾಸ್ಟ್ರೇ ನೀವು, ಓದಿದವರು! ನೋಡಿ ಸ್ವಲ್ಪ."

ಕಾಲೇಜಿನ ಲೈಬ್ರರಿಯಿಂದ ನಿಘಂಟು ತಂದು, ಚಿತ್ರಗಳನ್ನು ನೋಡಿ, ಎರಡು ಸಂಜೆ ಕೂತು ನಾನು ಬಿಡಿಸಿದ್ದು ಒಂದೇ ವಾಕ್ಯ: ಈ ಪರೀಕ್ಷೆಯನ್ನು ಇಂಜಿನ್ ತಣ್ಣಗಿರುವಾಗ ಮಾಡಬೇಕು. ಓದಿ ಹೇಳಿದಾಗ ದಣಿಗಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ನೋಡಿ! ಜರ್ಮನಿಯಲ್ಲೂ ಗೊತ್ತುಂಟು!" ಎಂದರು, ಜರ್ಮನಿಯವರು ಇವರಿಂದ ಕಲಿತ ಹಾಗೆ.

ಚಿತ್ರಗಳಿಂದ ಇಷ್ಟು ತಿಳಿಯಿತು. ಈ ಕಾರು ಒಳಗೆ ಎಳೆದುಕೊಳ್ಳುವ ಗಾಳಿಯನ್ನು ಅಳೆಯುತ್ತದೆ, ಆ ಅಳತೆಗೆ ತಕ್ಕಷ್ಟು ಪೆಟ್ರೋಲನ್ನು ಪಿಚಕಾರಿಯಂತೆ ಚಿಮ್ಮಿಸುತ್ತದೆ. ದಣಿಗಳು ಒಂದು ನಿಮಿಷ ಕಣ್ಣುಮುಚ್ಚಿ ಕೂತು ಅದನ್ನು ತಮ್ಮ ಭಾಷೆಗೆ ತಂದರು. "ಮದುವೆ ಮನೆಯ ಬಾಗಿಲಲ್ಲಿ ನಿಂತು ಜನ ಎಣಿಸುವವನಿದ್ದಾನೆ. ಅವನ ಲೆಕ್ಕಕ್ಕೆ ಒಳಗೆ ಅನ್ನ ಬೇಯ್ತದೆ. ಹಿತ್ತಲ ಬಾಗಿಲಿಂದ ನಾಲ್ಕು ಜನ ನುಗ್ಗಿದ್ರೆ? ಅನ್ನ ಸಾಲುವುದಿಲ್ಲ, ಗಲಾಟೆ ಆಗ್ತದೆ. ಬೆಳಿಗ್ಗೆ ಹಸಿವು ಜೋರು, ಆಗ ಗಲಾಟೆಯೂ ಜೋರು. ಇದು ಅದೇ."

ಕಾರಿನ ರೋಗವೂ ಅದೇ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹತ್ತು ನಿಮಿಷ ಗಡಗಡ ನಡುಗುವುದು, ಕೆಮ್ಮುವುದು, ನಿಂತುಬಿಡುವುದು. ಇಂಜಿನ್ ಬಿಸಿಯಾದ ಮೇಲೆ ಬೆಣ್ಣೆ. ಗ್ಯಾರೇಜಿಗೆ ಬರುವಷ್ಟರಲ್ಲಿ ಬೆಣ್ಣೆ, ಆದ್ದರಿಂದ ಕೂಳೂರಿಗೆ ನಾವೇ ಹೋಗಬೇಕಾಯಿತು.

ಇದರಲ್ಲಿ ಒಬ್ಬರ ಬದುಕು ಸಿಕ್ಕಿಕೊಂಡಿತ್ತು. ಕಾರು ನಡುಗುವ ಸುದ್ದಿ ಕೇಳಿ ಹಾಜಿಗಳ ಮಗ ಕಾಗದ ಬರೆದಿದ್ದ: ಅದು ಕಾರಿನ ದೋಷವಲ್ಲ, ಓಡಿಸುವವನ ದೋಷ, ಮುಂದಿನ ವಾರ ರಜೆಗೆ ಬರುತ್ತೇನೆ, ಆಗಲೂ ನಡುಗಿದರೆ ಮೋನಾಕನನ್ನು ಬಿಡಿಸಿ, ಫಾರಿನ್ ಕಾರು ಗೊತ್ತಿರುವ ಡ್ರೈವರನ್ನು ಇಡುತ್ತೇನೆ. ಹಾಜಿಗಳಿಗೆ ಇದು ಒಲ್ಲದ ಮಾತು. ಆದರೆ ಕಾರು ಮಗನದು. "ಅರವತ್ತು ದಾಟಿದವ ದಣಿಗಳೇ, ಈಗ ಅವನಿಗೆ ಬೇರೆ ಸ್ಟಿಯರಿಂಗ್ ಯಾರು ಕೊಡ್ತಾರೆ? ನಿಮ್ಮ ಕೈಯಲ್ಲುಂಟು," ಎಂದು ಗ್ಯಾರೇಜಿಗೆ ಬಂದು ಗುಟ್ಟಾಗಿ ಹೇಳಿ ಹೋಗಿದ್ದರು. ಗುಟ್ಟು ಮೋನಾಕರಿಗೂ ತಿಳಿದಿತ್ತು. ಹಾಜಿಗಳ ತಾಯಿಗೆ ಗೊತ್ತಾದದ್ದು ಕೂಳೂರಿಗೆಲ್ಲ ಗೊತ್ತಾದ ಹಾಗೆ.

ಎರಡನೆಯ ಬೆಳಿಗ್ಗೆಯೂ ಹೋದೆವು. ಪತ್ತಿರ್, ಮೀನಿನ ಸಾರು. ಮುಂಗೈ ಇಟ್ಟರೆ ಬಾನೆಟ್ ಬಿಸಿ. ಮೂರನೆಯ ಬೆಳಿಗ್ಗೆ ಪತ್ತಿರ್, ಮತ್ತೆ ಕೋಳಿ. ಬಾನೆಟ್ ಬಿಸಿ. ಶಾಲೆಯಲ್ಲಿ ನಾನು ಮೊದಲ ಪೀರಿಯಡ್ಡಿಗೆ ತಡವಾಗಿ ಹೋಗಿ ಹುಡುಗರೆದುರು ತೇಗುವಂತಾಯಿತು. ಮಗ ಬರಲಿಕ್ಕೆ ಮೂರೇ ದಿನ.

ಆ ಸಂಜೆ ದಣಿಗಳು ಹೇಳಿದರು: "ಮಾಸ್ಟ್ರೇ, ನಾಳೆ ತಿಂಡಿಗೆ ಮೊದಲು ಹೋಗುವ. ಹಾಜಿಗಳು ಬೆಳಗಿನ ಸುಬಹಿ ನಮಾಜಿಗೆ ಮಸೀದಿಗೆ ಹೋಗಿರುವ ಹೊತ್ತಿಗೆ. ಮಗುವನ್ನು ಡಾಕ್ಟರಿಗೆ ತೋರಿಸುವ ಮೊದಲು ಯಾರೋ ಮುಖ ತೊಳೆಸಿ ಪೌಡರ್ ಹಾಕ್ತಾ ಇದ್ದಾರೆ."

ಹೋದೆವು. ಹೊಳೆಯ ಮೇಲೆ ಇನ್ನೂ ಮಂಜು. ಅಂಗಳದಲ್ಲಿ ಕಾರು ಗಡಗಡ ನಡುಗುತ್ತಿತ್ತು. ಒಳಗೆ ಸ್ಟಿಯರಿಂಗ್ ಅಪ್ಪಿಕೊಂಡು ಕೂತ ಮೋನಾಕ ಅದಕ್ಕಿಂತ ಹೆಚ್ಚು ನಡುಗುತ್ತಿದ್ದರು. ನಮ್ಮನ್ನು ಕಂಡದ್ದೇ ಕೀಲಿಗೆ ಕೈ ಹಾಕಿದರು.

"ಆಫ್ ಮಾಡ್ಬೇಡಿ ಮೋನಾಕ! ಮೂರು ದಿನದಿಂದ ನಾನು ಇದನ್ನೇ ನೋಡ್ಲಿಕ್ಕೆ ಬರ್ತಾ ಇರುವುದು."

"ದಣಿಗಳೇ, ನಿಮ್ಮ ಎದುರು ನಡುಗಿದ್ರೆ..." ಮೋನಾಕ ಕೀಲಿಯಿಂದ ಕೈ ತೆಗೆದರು. "ಡ್ರೈವರಿಂದ ಅಂತ ನೀವೂ ಹೇಳಿದ್ರೆ ನಾನು ಎಲ್ಲಿಗೆ ಹೋಗುವುದು? ನೀವು ಬರುವಾಗ ಸರಿ ಇರ್ಲಿ ಅಂತ ಬೇಗ ಎದ್ದು ಬಿಸಿ ಮಾಡಿ ಇಡ್ತಿದ್ದೆ."

"ಚಂದ! ನಿಮ್ಮನ್ನು ಉಳಿಸ್ಲಿಕ್ಕೆ ಬಂದವನಿಂದ ರೋಗ ಅಡಗಿಸಿ ಇಟ್ಟದ್ದು. ಕೂತ್ಕೊಳ್ಳಿ, ಕಾಲು ಅಲ್ಲಾಡಿಸ್ಬೇಡಿ."

ಜಗಲಿಯಲ್ಲಿ ಹಾಜಿಗಳ ತಾಯಿ ಹಚ್ಚಿಟ್ಟ ಊದುಬತ್ತಿ ಉರಿಯುತ್ತಿತ್ತು. ದಣಿಗಳು ಕೇಳಿ ಒಂದನ್ನು ತಂದರು. ಬಾನೆಟ್ ಎತ್ತಿ, ಪೆಟ್ರೋಲ್ ಹರಿಯುವ ಕಡೆಯಿಂದ ದೂರವಾಗಿ, ಗಾಳಿಯ ಹಾದಿಯುದ್ದಕ್ಕೂ ಅದನ್ನು ಮೆಲ್ಲಗೆ ಆಡಿಸತೊಡಗಿದರು. ಹಿತ್ತಲ ಬಾಗಿಲು ಎಲ್ಲಿದೆಯೋ ಅಲ್ಲಿ ಹೊಗೆ ಒಳಗೆ ನುಗ್ಗಬೇಕು. ಆ ಅಜ್ಜಿ ಎದ್ದು ನಿಂತರು.

"ದೃಷ್ಟಿ ತೆಗೆಯುವುದಾ ದಣಿಗಳೇ? ನಾನು ಅವತ್ತೇ ಹೇಳಿದ್ದೆ, ಈ ಕಾರಿಗೆ ಆಚೆಮನೆಯವಳ ಕಣ್ಣು ಬಿದ್ದಿದೆ ಅಂತ. ಮೂರು ಸುತ್ತು ಸರಿಯಾಗಿ ತಿರುಗಿಸಿ."

"ಮೂರೇ ಸುತ್ತು, ಉಮ್ಮಾ," ಎಂದರು ದಣಿಗಳು, ಕಣ್ಣೆತ್ತದೆ.

ಇಂಜಿನ್ನಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಕೊಳವೆಯೊಂದಿತ್ತು, ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆ ಮಡಿಕೆ. ನೇರ ಮೇಲೇರುತ್ತಿದ್ದ ಹೊಗೆ ಅದರ ಅಡಿಯ ಮಡಿಕೆಯೊಂದರ ಬಳಿ ತಲೆ ಬಗ್ಗಿಸಿ, ಬಿಲಕ್ಕೆ ಹಾವು ಹೊಕ್ಕಂತೆ, ಒಳಗೆ ಹೋಯಿತು. ದಣಿಗಳು ಅಲ್ಲಿಗೆ ಬೆರಳೊತ್ತಿ ಹಿಡಿದರು. ಗಡಗಡ ನಿಂತಿತು. ಬಿಟ್ಟರು, ಶುರುವಾಯಿತು. ಒತ್ತಿದರು, ನಿಂತಿತು. ಹೊರಗಿನಿಂದ ಹೊಳೆಹೊಳೆವ ಆ ಕೊಳವೆ ಮಡಿಕೆಯೊಳಗೆ ಮೆತ್ತಗಾಗಿ ಸೀಳಿತ್ತು. ಬೆರಳು ಮೂಸಿಕೊಂಡ ದಣಿಗಳ ಹುಬ್ಬು ಮೇಲೇರಿತು.

"ಮೋನಾಕ, ಇದಕ್ಕೆ ಎಂತ ಹಾಕ್ತೀರಿ?"

"ಎಣ್ಣೆ. ತೆಂಗಿನೆಣ್ಣೆ." ಮೋನಾಕರ ದನಿಯಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. "ದಿನಾ ಬೆಳಿಗ್ಗೆ ಒರೆಸಿ ತಿಕ್ತೇನೆ. ಬಾನೆಟ್ ಎತ್ತಿದ್ರೆ ಕಪ್ಪು ಹೊಳೀಬೇಕಲ್ಲ? ನಮ್ಮ ಗಾಣದ್ದೇ, ಒಳ್ಳೆ ಎಣ್ಣೆ."

ದಣಿಗಳು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ರಬ್ಬರಿಗೆ ಎಣ್ಣೆ ಎಂದರೆ ವಿಷ. ಕಾರಿನ ರೋಗ ಸಿಕ್ಕಿತು. ಜೊತೆಗೆ, ಗಲ್ಫಿನ ಮಗ ಬರೆದದ್ದು ಸರಿ ಎಂದೂ ಆಯಿತು. ದೋಷ ಡ್ರೈವರನದೇ. ದಣಿಗಳು ಮೋನಾಕರ ಕಿವಿಯ ಬಳಿ ಬಗ್ಗಿ ಒಂದೇ ಮಾತು ಹೇಳಿದರು. "ಇನ್ನು ಮೇಲೆ ಎಣ್ಣೆ ನಿಮ್ಮ ತಲೆಗೆ ಮಾತ್ರ." ಮೋನಾಕರಿಗೆ ಅರ್ಥವಾಯಿತು.

ಆಗಲೇ ಹಾಜಿಗಳು ಗೇಟು ತೆರೆದು ಒಳಗೆ ಬಂದರು. "ಎಂತ ದಣಿಗಳೇ, ಸಿಕ್ಕಿತಾ?"

"ಸಿಕ್ಕಿತು. ಗಾಳಿಯ ಪೈಪ್ ಸೀಳಿದೆ. ಬೇರೆ ಹಾಕಿದ್ರೆ ಆಯ್ತು."

"ಎಂತದ್ರಿಂದ ಸೀಳಿದ್ದು?"

ಇಷ್ಟು ವರ್ಷದಲ್ಲಿ ದಣಿಗಳು ಕೆಟ್ಟ ಕಾರಿನ ವಿಷಯದಲ್ಲಿ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅಭ್ಯಾಸವಿಲ್ಲದ ಕೆಲಸ, ಬೆವರಿದರು. ಆಕಾಶ ನೋಡಿದರು, ತೆಂಗಿನ ಮರ ನೋಡಿದರು.

"ಸಮುದ್ರದ ಗಾಳಿ."

"ಸಮುದ್ರದ ಗಾಳಿಯಾ?"

"ಉಪ್ಪು. ಜರ್ಮನಿ ರಬ್ಬರಿಗೆ ನಮ್ಮ ಉಪ್ಪುಗಾಳಿ ಆಗುವುದಿಲ್ಲ. ತಾಗಿ ತಾಗಿ ಸೀಳ್ತದೆ. ಡ್ರೈವರ್ ಎಂತ ಮಾಡ್ಲಿಕ್ಕುಂಟು ಅದಕ್ಕೆ?"

ಹಾಜಿಗಳು ಹತ್ತಿರ ಬಂದು ಬಾನೆಟ್ಟಿನ ಮೇಲೆ ಬಗ್ಗಿದರು. ಸ್ವಲ್ಪ ಹೊತ್ತು ಹಾಗೇ ಇದ್ದರು. ಮತ್ತೆ ನೆಟ್ಟಗಾಗಿ, "ಹಾಗಾ. ಸಮುದ್ರದ ಗಾಳಿ," ಎಂದು ತಿಂಡಿಗೆ ಕರೆದರು.

ಅಂದೇ ದಣಿಗಳು ಬಂದರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಲಾರಿಯ ರಬ್ಬರ್ ಕೊಳವೆಯೊಂದನ್ನು ಅಳತೆಗೆ ಕೊಯ್ದು ಕೂಡಿಸಿದರು. ಹಳೆಯದನ್ನು ಪೇಪರಿನಲ್ಲಿ ಸುತ್ತಿದವರು ಅಭ್ಯಾಸಬಲದಿಂದ ಎರಡು ಕೈಯಲ್ಲಿ ಹಿಡಿದರು, ಥಟ್ಟನೆ ನೆನಪಾಗಿ ತಮ್ಮ ಚೀಲದೊಳಗೆ ತುರುಕಿದರು. ಅಜ್ಜಿಯ ಕಣ್ಣು ಚುರುಕು. "ದಣಿಗಳೇ, ನಮ್ಮ ಕಾರಿನ ಹಲ್ಲು ಕೊಡಲಿಲ್ಲ?" ದಣಿಗಳು ತೊದಲಿದರು. ಹಾಜಿಗಳೇ ತಡೆದರು: "ಅದೆಂತಕ್ಕೆ ಉಮ್ಮಾ ನಮಗೆ? ಅವರು ಕೊಂಡೋಗ್ಲಿ."

ಮಗ ಬಂದ. ಮೂರು ಬೆಳಿಗ್ಗೆ ತಾನೇ ಕೂತು ಸ್ಟಾರ್ಟ್ ಮಾಡಿದ. ಕಾರು ಮಿಸುಕಲಿಲ್ಲ. "ಜರ್ಮನ್ ಇಂಜಿನ್ ಅಂದ್ರೆ ಇದು! ತನ್ನಷ್ಟಕ್ಕೇ ಸರಿಯಾಗ್ತದೆ," ಎಂದನಂತೆ, ಮಂಗಳೂರಿನ ಲಾರಿಯ ಕೊಳವೆಯ ಮೇಲೆ ಕೈಯಿಟ್ಟು. ಮೋನಾಕ ಸ್ಟಿಯರಿಂಗಿನಲ್ಲಿ ಉಳಿದರು.

ಕಷ್ಟಕ್ಕೆ ಸಿಕ್ಕಿದ್ದು ದಣಿಗಳು. ಹಾಜಿಗಳು ಸಮುದ್ರದ ಗಾಳಿಯ ವಿಷಯವನ್ನು ಬಂದರಿನಲ್ಲೆಲ್ಲ ಹೇಳಿಬಿಟ್ಟರು. ತಿಂಗಳೊಳಗೆ ಕಾರುಳ್ಳವರೆಲ್ಲ ಗ್ಯಾರೇಜಿಗೆ. "ದಣಿಗಳೇ, ಗಾಳಿ ತಾಗಿದೆಯಾ ನೋಡಿ." ಒಬ್ಬರು ಇಂಜಿನ್ನಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಬಂದರು. ಅತ್ತಾವರದ ಆ ಡಾಕ್ಟರು ಮಾತ್ರ ಕನ್ನಡಕದ ಮೇಲಿಂದ ನೋಡಿ, "ಇದು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದರು. ದಣಿಗಳು ನನ್ನ ಕಡೆ ಕೈ ತೋರಿಸಿ, "ಜರ್ಮನ್ ಪುಸ್ತಕದಲ್ಲಿ. ಮಾಸ್ಟ್ರು ಓದಿದ್ದಾರೆ," ಎಂದರು. ಹೀಗೆ ನಾನೂ ಪಾಲುದಾರನಾದೆ. "ಒಂದು ಸುಳ್ಳು ಸಾಕುವುದೂ ಒಂದು ಆನೆ ಸಾಕುವುದೂ ಒಂದೇ ಮಾಸ್ಟ್ರೇ," ಎಂದು ಅವರು ನಿಟ್ಟುಸಿರು ಬಿಡುತ್ತಿದ್ದರು. "ದಿನಾ ಮೇವು ಹಾಕ್ಬೇಕು."

ಐದು ವರ್ಷ ಮೇವು ಹಾಕಿದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ಓಡಿಹೋದೆ. ಯಾರೂ ನೋಡದಾಗ ನಾನೂ ಮುಂಗೈಯ ಹಿಂಬದಿಯನ್ನು ಅವರ ಹಣೆಯ ಮೇಲಿಟ್ಟೆ.

ಗ್ಯಾರೇಜು ಖಾಲಿ ಮಾಡುವಾಗ ಅವರ ಅಳಿಯ ನನ್ನನ್ನು ಕರೆದ. ಸ್ವಂತ ಕಾರು ಅದೇ ನಾಲ್ಕು ಕಲ್ಲಿನ ಮೇಲಿತ್ತು. ಅದರ ಹಿಂದಿನ ಗೋಡೆಯ ಕಪಾಟಿನಲ್ಲಿ ಒಂದೇ ಒಂದು ಪೊಟ್ಟಣ, ಮೇಲೆ ದಣಿಗಳ ಓರೆ ಅಕ್ಷರ: ಕೂಳೂರು, ಹಲ್ಲು. ಕೊಡದೆ ಉಳಿದದ್ದು ಅದೊಂದೇ. ಅವರ ಪದ್ಧತಿ ನನ್ನ ಕೈಯಲ್ಲಿ ಮುರಿಯುವುದು ಬೇಡ ಎಂದುಕೊಂಡು ಕೂಳೂರಿಗೆ ಹೋದೆ. ಸ್ಕೂಟರ್ ಮಾರಿಯಾಗಿತ್ತು, ಬಸ್ಸಿನಲ್ಲಿ.

ಹಾಜಿಗಳು ಪೊಟ್ಟಣ ಬಿಚ್ಚಲಿಲ್ಲ. ಮೂಗಿನ ಬಳಿ ಹಿಡಿದು ಕಣ್ಣುಮುಚ್ಚಿದರು.

"ನಮ್ಮ ಗಾಣದ್ದೇ. ಕಮಟಿದೆ ಈಗ," ಎಂದರು. "ಅವತ್ತು ಬಾನೆಟ್ಟಿಗೆ ಬಗ್ಗಿದ ಕೂಡ್ಲೆ ಗೊತ್ತಾಯ್ತು ಮಾಸ್ಟ್ರೇ. ದಣಿಗಳಿಗೆ ಸುಳ್ಳು ಹೇಳ್ಲಿಕ್ಕೆ ಬರ್ತಿರಲಿಲ್ಲ ಅಲ್ವಾ? ಅಷ್ಟು ಕಷ್ಟಪಟ್ಟು ಒಂದು ಹೇಳಿದ್ದಾರೆ, ಬಿದ್ದು ಹೋಗುವುದು ಬೇಡ ಅಂತ ನಾನು ಬಂದರಿನಲ್ಲಿ ನಾಲ್ಕು ಜನರಿಗೆ ಹೇಳಿ ಗಟ್ಟಿ ಮಾಡಿದೆ." ಪೊಟ್ಟಣ ನನಗೇ ವಾಪಸು ಕೊಟ್ಟರು. "ಮೋನಾಕನಿಗೆ ಹೇಳ್ಬೇಡಿ. ನನಗೆ ಗೊತ್ತಿಲ್ಲ ಅಂತ ಅವ ತಿಳ್ಕೊಂಡಿದ್ದಾನೆ. ಹಾಗೇ ಇರ್ಲಿ."

ನನ್ನನ್ನು ಕಂಕನಾಡಿಗೆ ಬಿಟ್ಟುಬರಲು ಮೋನಾಕರಿಗೆ ಹೇಳಿದರು. ಕಾರು ಬೆಳಿಗ್ಗೆಯಿಂದ ನಿಂತೇ ಇತ್ತು. ಮೋನಾಕ ಸ್ಟಾರ್ಟ್ ಮಾಡಿ, ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರುವವರೆಗೆ ಕಾದರು. ಪೊಟ್ಟಣ ನನ್ನ ತೊಡೆಯ ಮೇಲಿತ್ತು. ಮುಚ್ಚಿದ ಕಾರಿನೊಳಗೆ ಕಮಟು ಎಣ್ಣೆಯ ವಾಸನೆ ತುಂಬಿಕೊಂಡಿತು. ಮೋನಾಕ ಒಮ್ಮೆ ಪೊಟ್ಟಣದ ಕಡೆ ನೋಡಿ ಗೇರ್ ಹಾಕಿದರು.

ಸೇತುವೆಯ ನಡುವೆ ಬಂದಾಗ ಮೋನಾಕ ಕಾರನ್ನು ಬದಿಗೆ ತಂದು ನಿಲ್ಲಿಸಿದರು. ಇಂಜಿನ್ ಆಫ್ ಮಾಡಲಿಲ್ಲ.

"ಅದು ಇಲ್ಲಿ ಕೊಡಿ ಮಾಸ್ಟ್ರೇ."

ಕೊಟ್ಟೆ. ಇಳಿದು ಹೋಗಿ ಹೊಳೆಗೆ ಹಾಕಿದರು. ಒಂದು ಗಳಿಗೆ ಕೆಳಗೆ ನೋಡುತ್ತ ನಿಂತು, ವಾಪಸು ಬಂದು, ಕುಳಿತುಕೊಳ್ಳುವ ಮೊದಲು ಬಾನೆಟ್ಟಿನ ಮೇಲೆ ಮುಂಗೈ ಇಟ್ಟು ನೋಡಿದರು. ನಾವು ಕಂಕನಾಡಿಯ ಕಡೆಗೆ ಹೊರಟೆವು.